ಗೆರೆಯಾಚೆಯ ಕ್ಯಾಚು

ಮೈದಾನದ ಹೊರಗೆ ನಿಂತು ಆಟ ನೋಡುವವರಿಂದ ಯಾರಿಗೂ ಕೇಡಿಲ್ಲವೆಂದು ಐವತ್ತು ದಾಟುವವರೆಗೂ ನಂಬಿದ್ದೆ. ಚುರುಮುರಿ ತಿಂದು, ಅಂಪೈರನಿಗೆ ಕಣ್ಣು ಕಾಣುವುದಿಲ್ಲವೆಂದು ಪಕ್ಕದವರಿಗೆ ಹೇಳಿ ಮನೆಗೆ ಬಂದರಾಯಿತು. ಗೆದ್ದವರು ಗೆದ್ದರು, ಸೋತವರು ಸೋತರು. ಕಳೆದ ಆದಿತ್ಯವಾರದ ನಂತರ ಆ ನಂಬಿಕೆ ಹೋಗಿದೆ. ಈಗ ಕಚೇರಿಯಲ್ಲಿ ಹನೀಫ್ ಎದುರು ಬಂದರೆ, ಶೂ ಲೇಸು ಕಟ್ಟುವವನಂತೆ ನಾನು ಬಗ್ಗುತ್ತೇನೆ. ನಾನು ಹಾಕುವುದು ಚಪ್ಪಲಿ ಎಂಬುದು ಬಗ್ಗಿದ ಮೇಲೆ ನೆನಪಾಗುತ್ತದೆ.

ಹನೀಫ್ ನನ್ನ ಪಕ್ಕದ ಮೇಜಿನವನು, ಉಳ್ಳಾಲದವನು. ವಾರವಿಡೀ ಮೆತ್ತಗಿರುವ ಮನುಷ್ಯ ಬೇಸಗೆಯ ಶನಿವಾರ ಬಂತೆಂದರೆ ಬೇರೆಯೇ ಆಗುತ್ತಾನೆ. ಆ ಎರಡು ತಿಂಗಳು ನಮ್ಮೂರಲ್ಲಿ ಬಯಲು ಕಂಡಲ್ಲೆಲ್ಲ ಶಾಮಿಯಾನ, ಮೈಕು, ಕ್ರಿಕೆಟು. "ಸರ್, ಈ ಸಲ ಫೈನಲಿಗೆ ಬಂದಿದ್ದೇವೆ. ನೀವು ಬರ್ಲೇಬೇಕು. ನಮ್ಮ ಕಡೆ ಕೈ ತಟ್ಲಿಕ್ಕೆ ಜನ ಕಮ್ಮಿ ಉಂಟು" ಎಂದು ಕರೆದ. ಅಷ್ಟು ಪ್ರೀತಿಯಿಂದ ನನ್ನನ್ನು ಯಾರೂ ಮದುವೆಗೂ ಕರೆದಿಲ್ಲ.

ಕಂಕನಾಡಿಯಿಂದ ಕಾರಿನಲ್ಲಿ ಹೊರಟೆ. ಕಾರು ಹೆಂಡತಿಯದು, ಸೀಟಿನ ಪ್ಲಾಸ್ಟಿಕ್ಕನ್ನು ಇನ್ನೂ ತೆಗೆದಿರಲಿಲ್ಲ. ಕೀ ಕೊಡುವಾಗ ಅವಳು, "ತೆಂಗಿನ ಮರದ ಅಡಿಯಲ್ಲಿ ಮಾತ್ರ ನಿಲ್ಲಿಸಬೇಡಿ" ಎಂದಳು. ದಾರಿಯಲ್ಲಿ ಮೊದಲು ಸಿಕ್ಕಿದ ಮೈದಾನಕ್ಕೆ ಹೊಕ್ಕು, ನೀಲಿ ಅಂಗಿಯವರೇ ಹನೀಫನ ತಂಡವೆಂದು ತಿಳಿದು ಬಹಳ ಹೊತ್ತು ಕೈ ತಟ್ಟಿದೆ. ಪಕ್ಕದಲ್ಲಿದ್ದವರು, "ನೀವು ಯಾರ ಕಡೆಯವರು, ಮಾರ್ರೆ? ಔಟಾದರೂ ಕೈ ತಟ್ತೀರಲ್ಲ" ಎಂದು ಕೇಳಿದಾಗಲೇ ಹನೀಫನ ಮೈದಾನ ಇನ್ನೂ ಮುಂದೆ ಉಂಟೆಂದು ತಿಳಿದದ್ದು.

ಅಲ್ಲಿ ತಲುಪಿದರೆ ಸುತ್ತ ಬರೀ ತೆಂಗಿನ ಮರ. ಮರವಿಲ್ಲದ ಜಾಗವೊಂದೇ, ಅದೂ ಬೌಂಡರಿ ಗೆರೆಯ ಪಕ್ಕದಲ್ಲಿ. ಕಾಯಿ ಬೀಳುವುದಿಲ್ಲವೆಂಬ ಸಮಾಧಾನದಿಂದ ಕಾರು ನಿಲ್ಲಿಸಿದ ಮೇಲೆ ಚೆಂಡಿನ ನೆನಪಾಯಿತು. ಅಲ್ಲಿಂದ ನಾನು ಆಟ ನೋಡಲಿಲ್ಲ, ಕಾರು ಕಾದೆ.

ಕೊನೆಯ ಚೆಂಡು. ಎದುರಿನ ತಂಡ ಗೆಲ್ಲಲು ಸಿಕ್ಸರೇ ಬೇಕು. ಬ್ಯಾಟಿನವನು ಬೀಸಿದ ಹೊಡೆತಕ್ಕೆ ಚೆಂಡು ಆಕಾಶಕ್ಕೆ ಹಾರಿ ನೇರ ನನ್ನ ಕಡೆಗೇ ಇಳಿಯತೊಡಗಿತು. ಅದರ ಕೆಳಗೆ ಹನೀಫ್ ಓಡಿ ಬಂದು ಗೆರೆಯ ಒಳಗೆ ಕೈಯೊಡ್ಡಿ ನಿಂತ. ನನಗೆ ಕಂಡದ್ದು ಹನೀಫನಲ್ಲ, ಕಾರಿನ ಗಾಜು. ಹಾರಿದೆ. ಜೀವಮಾನದಲ್ಲಿ ಒಂದು ಕ್ಯಾಚೂ ಹಿಡಿಯದ ನನ್ನ ಕೈಗೆ ಚೆಂಡು ಬಂದು ಅಂಟಿಕೊಂಡಿತು. ಅದು ಟೆನಿಸ್ ಚೆಂಡು. ಗಾಜಿಗೆ ತಾಗಿದ್ದರೆ ಸ್ವಲ್ಪ ಧೂಳು ಹಚ್ಚಿ ಕೆಳಗೆ ಬೀಳುತ್ತಿತ್ತು, ಅಷ್ಟೇ.

ಎರಡೂ ತಂಡದವರು ಸುತ್ತುವರಿದರು. ಸುಣ್ಣದ ಗೆರೆ ಅಷ್ಟರಲ್ಲಿ ಕಾಲಡಿಯಲ್ಲಿ ಅಳಿಸಿಹೋಗಿತ್ತು. ಅಂಪೈರು ಮರ್ಯಾದೆಯಿಂದಲೇ ಕೇಳಿದ, "ಸರ್, ನೀವು ಗೆರೆಯ ಒಳಗೆ ಬಂದು ಹಿಡಿದದ್ದಾ, ಹೊರಗೆ ನಿಂತಾ? ಒಳಗಾದರೆ ಆ ಬಾಲ್ ಇನ್ನೊಮ್ಮೆ ಹಾಕಿಸ್ತೇನೆ. ಹೊರಗಾದರೆ ಸಿಕ್ಸ್."

ಒಳಗೆ ಬಂದಿದ್ದೆ. ಎರಡು ಕಾಲೂ ಒಳಗಿದ್ದವು. ಆದರೆ ಅಷ್ಟು ಜನರೆದುರು, ನರೆತ ತಲೆಯ ನಾನು ಕಾರಿನ ಗಾಜಿಗಾಗಿ ಮೈದಾನಕ್ಕೆ ನುಗ್ಗಿದೆನೆಂದು ಹೇಗೆ ಹೇಳುವುದು?

"ಹೊರಗೆ" ಎಂದೆ.

ಹನೀಫನ ತಂಡದವನೊಬ್ಬ, "ಎಂತ ಹೊರಗೆ? ನಾನು ನೋಡಿದ್ದೇನೆ" ಎಂದು ಮುಂದೆ ಬಂದ. ನನ್ನಿಂದ ಒಂದು ಮಾರು ದೂರದಲ್ಲಿದ್ದ ಹನೀಫ್ ಅವನ ಭುಜ ಹಿಡಿದ. "ಬಿಡು ಮಾರಾಯ. ಸರ್ ಹೇಳಿದ ಮೇಲೆ ಮುಗೀತು" ಎಂದ. ನನ್ನ ಮುಖ ಮಾತ್ರ ನೋಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮೆತ್ತಗೆ ಜಾರಿಕೊಳ್ಳೋಣವೆಂದರೆ ಗೆದ್ದವರು ಬಿಡಬೇಕಲ್ಲ. ಅವರ ಕ್ಯಾಪ್ಟನ್ ನನ್ನ ಕೈ ಕುಲುಕಿ, "ನೀವಿಲ್ಲದಿದ್ರೆ ಇವತ್ತು ಹೋಗ್ತಿತ್ತು ಸರ್, ಬನ್ನಿ ಬನ್ನಿ" ಎಂದು ಎಳೆದುಕೊಂಡು ಹೋಗಿ ಫೋಟೋಕ್ಕೆ ನಿಲ್ಲಿಸಿದ. ಆಚೆ ಶಾಮಿಯಾನದ ಕಂಬದ ಬುಡದಲ್ಲಿ ಹನೀಫ್ ಶೂ ಬಿಚ್ಚುತ್ತಾ ಕೂತಿದ್ದ.

ಮನೆಯಲ್ಲಿ ಹೆಂಡತಿ ಕಾರಿಗೆ ಒಂದು ಸುತ್ತು ಬಂದು, "ಎಂತ ಆಗ್ಲಿಲ್ಲ, ಒಳ್ಳೆದಾಯ್ತು" ಎಂದಳು. ಸಂಜೆ ಹನೀಫನ ವಾಟ್ಸಾಪ್ ಬಂತು. ತೆರೆದೆ. ಅದೇ ಫೋಟೋ. ಕೆಳಗೆ, "ಸರ್, ಬಿಸಿಲಲ್ಲಿ ಅಷ್ಟು ದೂರ ಬಂದಿರಿ, ಥ್ಯಾಂಕ್ಸ್" ಎಂದು ಬರೆದಿದ್ದ.

ಹೆಂಡತಿ ಬಗ್ಗಿ ನೋಡಿ, "ಇವರಾ ನಿಮ್ಮ ಹನೀಫನ ಟೀಮು? ಗೆದ್ದರಾ?" ಎಂದು ಕೇಳಿದಳು. ನಾನು ಫೋಟೋವನ್ನು ದೊಡ್ಡದು ಮಾಡಿದೆ. ಗೆದ್ದವರ ಒತ್ತಾಯಕ್ಕೆ ನಿಂತೆ, ಮನಸ್ಸಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಫೋಟೋದಲ್ಲಿ ನೋಡಿದರೆ ಗೆದ್ದ ಕಪ್ಪಿನ ಒಂದು ಕಿವಿ ನನ್ನ ಕೈಯಲ್ಲಿದೆ, ಮತ್ತು ಆ ಗುಂಪಿನಲ್ಲಿ ಅತಿ ಹೆಚ್ಚು ಹಲ್ಲು ಕಾಣುತ್ತಿರುವುದು ನನ್ನದೇ.