ನಾವ ಬರೇ ಮಾರ್ತೇವ್ರೀ

ಮಂದಿ ಮುಂಜಾನೆದ್ದ ಕೂಡ್ಲೆ ದೇವ್ರ ಮುಖಾ ನೋಡ್ತಾರ, ನಾ ಫೋನಿನ್ಯಾಗಿನ ಗಂಟಿ ಗುರುತ ನೋಡ್ತೇನಿ. ಅದರ ಮ್ಯಾಲೆ ಕೆಂಪ ಚುಕ್ಕಿ ಇತ್ತಂದ್ರ ಆವತ್ತ ನನ್ನ ಚಹಾ ಆರಿ ಹೋತಂತ ತಿಳೀರಿ. ಮಹಾರಾಷ್ಟ್ರದ ಇಚಲಕರಂಜಿಯಾಗ ಕುಂತು ಫೋನಿನ ಮ್ಯಾಲೆ ಸೀರಿ ಮಾರಾಕಿ ನಾನು. ನಮ್ಮನಿಯವ್ರು ಮಗ್ಗ ನಡಸ್ತಾರ, ನಾ ಪೇಜ್ ನಡಸ್ತೇನಿ. ಮಗ್ಗಕ್ಕ ಒಂದ ಚಿಂತಿ, ಕರೆಂಟಿಂದು. ಪೇಜಿಗೆ ನೂರಾಎಂಟು. ಪೇಜ್ ಕೊಟ್ಟ ಕಂಪನಿಯವ್ರ ನಿಯಮ ಅಂದ್ರ ನಮ್ಮ ಓಣಿ ನಳದ ನೀರಿದ್ದಂಗ, ಯಾವಾಗ ಬರ್ತಾವೋ, ಯಾವಾಗ ಹೋಗ್ತಾವೋ ಯಾರಿಗೂ ಗೊತ್ತಿಲ್ಲ. ಅದಕ್ಕ ನಮ್ಮನ್ಯಾಗ ಇಂಥಾವು ಆಗ್ತಾನ ಇರ್ತಾವು.

ನೀವು ನಗ್ತೀರಿ, ನನಗ ಮಾತ್ರ ಇದು ನಗೂ ಮಾತಲ್ಲ. ಯಾಕಂದ್ರ ಮದಿವ್ಯಾಗಿ ಬಂದಾಗಿಂದ ನಾ ಈ ಊರಾಗ ಒಬ್ಬರ ಸೊಸಿ, ಒಬ್ಬರ ಹೆಂಡ್ತಿ, ಒಬ್ಬರ ಅವ್ವ. ಪೇಜ್ ಮ್ಯಾಲೆ ಅಷ್ಟ ನಾ ‘ಸೀರಿ ಅಕ್ಕಾ’. ನೇಸರಿ ಅನ್ನೂ ಊರಾಗ ಬಸ್ ಇಳದ್ರ ಗುರುತಿಲ್ಲದ ಹೆಣ್ಣಮಕ್ಕಳು ಓಡಿ ಬಂದು ಕೈ ಹಿಡೀತಾರ. ಮೂರ ಎಚ್ಚರಿಕಿ ಬಂದ್ರ ಪೇಜ್ ಕಾಯಂ ಬಂದ್ ಅಂತ ಕಂಪನಿ ನಿಯಮ. ಅದನ್ನ ಓದಿದಾಗಿಂದ ನನ್ನ ಜೀವಕ್ಕ ಸಮಾಧಾನ ಇಲ್ಲ.

ಮನಿ ಮನಿ ಹೊಕ್ಕು

ಪೇಜಿನ ಮ್ಯಾಲೆ ಲೈವ್ ಮಾಡೂ ಮುಂದ ನಮ್ಮತ್ತಿಯವ್ರನ್ನ ಬಾಜೂಕ ಕುಂಡ್ರಸ್ಕೋತೇನಿ. ನನ್ನಕಿಂತ ಅವ್ರನ್ನ ನೋಡಾಕ ಮಂದಿ ಭಾಳ ಬರ್ತಾರ. ಅತ್ತಿಯವ್ರು ಹರೇದಾಗ ತಲಿ ಮ್ಯಾಲೆ ಗಂಟ ಹೊತ್ತು ಊರೂರ ತಿರುಗಿ ಸೀರಿ ಮಾರಿದಾಕಿ. ಒಂದಿನ ಲೈವ್‌ದಾಗ ಹುರುಪಿಗೆ ಬಿದ್ದು ಅಂದ್ರು:

“ನನಗೇನ ಕೇಳ್ತೀರಿ? ನೇಸರಿಯಾಗ ಮಾರೇನಿ, ಚಂದಗಡದಾಗ ಮಾರೇನಿ, ಗಡಹಿಂಗ್ಲಜದಾಗಂತೂ ಮನಿ ಮನಿ ಹೊಕ್ಕು ಮಾರೇನಿ! ಒಬ್ಬಾಕಿನ್ನೂ ಬಿಟ್ಟಿಲ್ಲ. ಈಗ ನಿಮ್ಮ ಮುಂದ ಬಂದೇನಿ.”

ನಮಗ ‘ಮಾರೇನಿ’ ಅಂದ್ರ ಸೀರಿ ಮಾರಿ ಬಂದೇನಿ ಅಂತ. ಮರಾಠಿಯಾಗ ‘ಮಾರೇನ’ ಅಂದ್ರ ಹೊಡದ ಹಾಕ್ತೇನಿ ಅಂತ. ನಮ್ಮ ಮಾತ ತಪಾಸ ಮಾಡೂ ಕಂಪನಿ ಮಶೀನಿಗೆ ಕನ್ನಡ ಬರ್ತಿದ್ದಿಲ್ಲ. ಮಹಾರಾಷ್ಟ್ರದ ಊರು, ಮರಾಠೀನ ಮಾತಾಡ್ತಿರಬೇಕು ಅಂತ ಅದು ಫೋನಿನ್ಯಾಗ ಅತ್ತಿಯವ್ರ ಎದಿ ಕೆಳಗ ಮರಾಠಿ ಅಕ್ಷರ ಮೂಡಿಸ್ಕೋತ ಹೊಂಟಿತ್ತು. ನೇಸರಿಯಾಗ ಹೊಡದ ಹಾಕ್ತೇನಿ, ಚಂದಗಡದಾಗ ಹೊಡದ ಹಾಕ್ತೇನಿ, ಗಡಹಿಂಗ್ಲಜದಾಗ ಮನಿ ಮನಿ ಹೊಕ್ಕು ಹೊಡದ ಹಾಕ್ತೇನಿ!

ನಾ ಅದನ್ನ ಓದೂದ್ರಾಗ ಲೈವ್ ಕಟ್ ಆತು. ‘ಹಿಂಸೆಗೆ ಪ್ರಚೋದನೆ. ಮೊದಲ ಎಚ್ಚರಿಕೆ.’ ಹಿಂಸೆ ಅಂತ್ರೀ! ನಮ್ದು ಜೈನ ಮನಿ. ಅತ್ತಿಯವ್ರು ಗಜ್ಜರಿ, ಉಳ್ಳಾಗಡ್ಡಿ ಮುಟ್ಟಾಂಗಿಲ್ಲ, ನೀರ ಸೋಸಿ ಕುಡೀತಾರ, ಇರಿವಿ ಸಾಲ ಕಂಡ್ರ ಸುತ್ತ ಹಾಕ್ಕೊಂಡ ಹೋಗ್ತಾರ.

ಹೆದರ್ಕೋತ ಹೇಳಿದೆ. ಅತ್ತಿಯವ್ರು ಕಣ್ಣ ಪಿಳಿ ಪಿಳಿ ಮಾಡಿ, “ಅಯ್ಯ, ಅದಕ್ಕ ಏನವಾ ಇವತ್ತ ಐದ ಮಿನಿಟಿನ್ಯಾಗ ಎಲ್ಲಾ ಸೀರಿ ಬುಕ್ ಆದ್ವು!” ಅಂದ್ರು.

ಹೆಸರಿಲ್ಲದ ಮನಶ್ಯಾ

ಅದಾದ ಮ್ಯಾಲೆ ನಾ ಮಾತಾಡೂದ ಕಡಿಮಿ ಮಾಡಿ ಬರಿಯೂದ ಸುರು ಮಾಡಿದೆ. ಬರದದ್ದು ಕೈಯಾಗ ಇರ್ತೈತಿ, ಅತ್ತಿಯವ್ರ ಬಾಯಿ ಹಂಗಲ್ಲ. ಅವಸರದಾಗ ಇಂಗ್ಲಿಷ್ ಅಕ್ಷರದಾಗ ಕನ್ನಡ ಕುಟ್ಟೂದು ನನ್ನ ಚಟ. ಗಡಹಿಂಗ್ಲಜದ ಒಬ್ಬಾಕಿ, “ಅಕ್ಕಾ, ಪಾರ್ಸಲ್ ಯಾರ ತರ್ತಾರ?” ಅಂತ ಕೇಳಿದ್ಳು. “ನನ್ನ ಗಂಡ” ಅಂತ ಹಾಕಿದೆ.

ಇಂಗ್ಲಿಷ್ ಅಕ್ಷರದಾಗ ಇಳದ ಕೂಡ್ಲೆ ನಮ್ಮ ‘ಗಂಡ’ ಹಿಂದಿಯವ್ರ ‘ಗಂದಾ’ ಆಗಿ ಹೋಗ್ತಾನ. ಗಂದಾ ಅಂದ್ರ ಹೊಲಸು. ಆ ವಾರಾನ ಕಂಪನಿ ಹೊಸಾ ನಿಯಮ ತಂದಿತ್ತು, ಹೊಲಸ ಮಾತಿಗೂ ಎಚ್ಚರಿಕಿ ಅಂತ. ಅದು ನನಗ ಹೆಂಗ ಗೊತ್ತಾಗಬೇಕು? ಕೆಂಪ ಚುಕ್ಕಿ ಬಂತು. ‘ಅಸಭ್ಯ ಪದ. ಎರಡನೇ ಎಚ್ಚರಿಕೆ.’

ನಾ ಮಾರಿ ಸಣ್ಣ ಮಾಡ್ಕೊಂಡು ಕುಂತೆ. ಇನ್ನೊಂದ ಬಂದ್ರ ಮುಗೀತು, ಸೀರಿ ಅಕ್ಕಾ ಮಣ್ಣಪಾಲು. ನಮ್ಮನಿಯವ್ರು ಬಂದು, “ಏನಾತು?” ಅಂದ್ರು.

“ನೀವು ಹೊಲಸಂತ್ರೀ.”

“ಯಾರಂದ್ರು?”

“ಕಂಪನಿಯವ್ರು.”

ಪಾಪ, ಒಂದ ಸಲ ಅಂಗಿ ತೋಳ ಮೂಸಿ ನೋಡ್ಕೊಂಡ್ರು. ಆಮ್ಯಾಲೆ ವಿಚಾರ ಮಾಡಿ, “ಗಂಡ ಅನ್ನೂ ಬದಲಿ ನನ್ನ ಹೆಸರ ಹಾಕಿದ್ರ ಆಗ್ತಿತ್ತಲ್ಲ” ಅಂದ್ರು. ಒಳಗಿಂದ ಅತ್ತಿಯವ್ರು ಗುಡಗಿದ್ರು. ಹೆಂಡ್ತಿ ಗಂಡನ ಹೆಸರ ತಗೊಳ್ಳೂದು ನಮ್ಮನ್ಯಾಗ ರೂಢಿ ಇಲ್ಲ, ಅದು ಈ ಮನ್ಯಾಗ ನಡಿಯಾಂಗಿಲ್ಲ ಅಂತ.

ಹೆಸರ ತಗೊಳ್ಳಾಕ ಅತ್ತಿ ಬಿಡಾಂಗಿಲ್ಲ, ಗಂಡ ಅನ್ನಾಕ ಕಂಪನಿ ಬಿಡಾಂಗಿಲ್ಲ. ನಮ್ಮನಿಯವ್ರು ಚಪ್ಪಲಿ ಮೆಟ್ಕೊಂಡು ಹೊರಗ ಹೊಂಟವ್ರು ಬಾಗಲದಾಗ ನಿಂತು, “ಹಂಗಾರ ನಾ ಯಾರು?” ಅಂತ ಕೇಳಿ ಹೋದ್ರು.

ಕಾಕೂನ ವ್ಯಾಪಾರ

ನಾ ಕಂಪನಿಗೆ ಬರದ ಬರದ ಹಾಕಿದೆ. ಯಪ್ಪಾ, ನಾವು ಮಾತಾಡೂದು ಕನ್ನಡ, ನಿಮ್ಮ ಮಶೀನಿಗೆ ಕನ್ನಡ ಕಲಸ್ರಿ ಅಂತ. ನನ್ನಂಥವ್ರು ಎಷ್ಟ ಮಂದಿ ಬರದಿದ್ರೋ, ಒಂದಿನ ಖರೇನ ಸುದ್ದಿ ಬಂತು: ‘ಇನ್ನು ಮುಂದೆ ನಿಮ್ಮ ಭಾಷೆ ನಮಗೆ ಅರ್ಥವಾಗುತ್ತದೆ.’ ನಾ ಖುಷಿಲೆ ಶಿರಾ ಮಾಡಿದೆ. ಅತ್ತಿಯವ್ರು ಮಶೀನಿಗೂ ಒಂದ ಚಮಚ ಎತ್ತಿ ಇಡು ಅಂದ್ರು.

ಶಿರಾ ಇನ್ನೂ ಬಿಸಿ ಇತ್ತು, ಬಾಜೂ ಮನಿ ಮರಾಠಿ ಕಾಕೂ ಅಳ್ಕೋತ ಬಂದ್ಳು. ಆಕಿ ಗಿಡಾ, ಹೂವಿನ ಕುಂಡ ಮಾರ್ತಾಳ. ಹೂವಿನ ಕುಂಡಕ್ಕ ಮರಾಠಿಯಾಗ ‘ಕುಂಡಿ’ ಅಂತಾರ್ರೀ, ನಾ ಏನ ಮಾಡ್ಲಿ! ಆಕಿ ತನ್ನ ಪೇಜ್ ಮ್ಯಾಲೆ ಭಕ್ತಿಲೆ ಬರದಿದ್ಳು, ನಮ್ಮ ಕುಂಡಿ ದೊಡ್ಡದು, ಗಟ್ಟಿ, ಬಿಸಲಿಗೆ ಬಿರಿಯಾಂಗಿಲ್ಲ, ಮನಿಗೆ ಬಂದು ನೋಡಿ ತಗೋರಿ ಅಂತ.

ಹೊಸಾ ಕನ್ನಡ ಕಲ್ತ ಮಶೀನು ಅದನ್ನ ಓದೇತಿ. ಒಂದ ಎಚ್ಚರಿಕೀನೂ ಇಲ್ಲದ ಕಾಕೂನ ಪೇಜಿಗೆ ನೇರ ಬೀಗಾ.

“ಅಗ, ಮೀ ಕಾಯ ಕೇಲಂ ಗ? ಕುಂಡೀಚ ತರ ಲಿಹಿಲಂ!” ನಾನೇನ ಮಾಡಿದೆ, ಕುಂಡಿ ಅಂತ ಅಷ್ಟ ಬರದೇನಿ ಅಂತಾಳ. ನನಗ ಒಂದ ಕಡೆ ನಗಿ, ಒಂದ ಕಡೆ ಹೆದರಿಕಿ. ಮಶೀನು ಖರೇನ ಕನ್ನಡ ಕಲ್ತೈತಿ, ಇನ್ನ ನನ್ನ ಗತಿ ಏನು ಅಂತ. ಅತ್ತಿಯವ್ರು ಕಾಕೂನ ಬೆನ್ನ ಸವರಿ ಸಮಾಧಾನ ಮಾಡಿದ್ರು: “ಅಳಬ್ಯಾಡ ಬಾಯಿ, ನಿಂದು ಛಲೋ ಐತಿ ಅಂತ ಓಣಿಗೆಲ್ಲಾ ಗೊತ್ತೈತಿ.”

ಚಿಕ್ಕತ್ತಿಯ ಟಿಪ್ಪಣಿ

ತಿಂಗಳಾ ಆಗೂದ್ರಾಗ ಮತ್ತೊಂದ ನಿಯಮ. ಯಾರ ಸುಳ್ಳ ಹೇಳ್ತಾರ, ಯಾರ ಖರೆ ಹೇಳ್ತಾರ ಇನ್ನ ನಾವು ನೋಡಾಂಗಿಲ್ಲ, ನೀವ ನೀವ ಒಬ್ಬರ ಪೋಸ್ಟಿನ ಕೆಳಗ ಒಬ್ಬರು ಟಿಪ್ಪಣಿ ಬರೀರಿ ಅಂತ ಕಂಪನಿ ಕೈ ತೊಳಕೊಂತು. ಅತ್ತಿಯವ್ರ ತಂಗಿ ಗಡಹಿಂಗ್ಲಜದಾಗ ಇರ್ತಾರ, ನಮಗ ಚಿಕ್ಕತ್ತಿ. ಅವ್ರಿಗೆ ಇದು ಹಬ್ಬದ ಊಟಾ ಆತು. ನಾ ಪೇಜ್ ಮ್ಯಾಲೆ ಗುಲಾಬಿ ಸೀರಿ ಫೋಟೋ ಹಾಕಿದ ಕೂಡ್ಲೆ ಕೆಳಗ ಮೂಡ್ತು:

‘ಇದೇ ಸೀರಿ ನಮ್ಮಕ್ಕ ನನಗ ಉಡಿ ತುಂಬೂ ಮುಂದ ಕೊಟ್ಟಿದ್ಳು. ಒಂದ ಸಲ ಒಗದ್ರ ನನ್ನ ಬಣ್ಣ ಗುಲಾಬಿ ಆತು, ಸೀರಿದು ಬಿಳಿ.’

ಹೆಣ್ಣಮಕ್ಕಳೆಲ್ಲಾ ಓಡಿ ಬಂದು ಈ ಟಿಪ್ಪಣಿ ಉಪಯೋಗ ಆತು ಅಂತ ಒತ್ತಿ ಹೋದ್ರು. ಅತ್ತಿಯವ್ರು ಚಸ್ಮಾ ಏರಸಿ, “ಫೋನ್ ಕೊಡ ಇಲ್ಲಿ” ಅಂದ್ರು. ಚಿಕ್ಕತ್ತಿ ತಮ್ಮ ಕೈಲೆ ಮಾಡಿದ್ದು ಅಂತ ಹೋಳಿಗಿ ಫೋಟೋ ಹಾಕಿದ್ರು. ಅದರ ಕೆಳಗ ನಮ್ಮತ್ತಿ ನನಗ ಹೇಳಿ ಬರಸಿದ್ರು: ‘ಹೋಳಿಗಿ ಸೊಸಿ ಮಾಡಿದ್ದು. ತಾಟ ನಂದು, ಹೋದ ವರ್ಷ ಒಯ್ದಾಕಿ ಇನ್ನೂ ಕೊಟ್ಟಿಲ್ಲ.’

ಮುಂದಿನ ವಾರ ಗಡಹಿಂಗ್ಲಜದಿಂದ ಬಂದವ್ರ ಕೈಯಾಗ ತಾಟ ವಾಪಸ್ ಬಂತು. ಇಷ್ಟ ನಿಯಮ ಬದಲ್ಯಾದ್ವಲ್ಲ, ನಮ್ಮನಿಗೆ ಫಾಯದೆ ಆದದ್ದು ಅದೊಂದ.

ಊರಿನ ಹೆಸರು

ಇನ್ನ ಕಡೀದು.

ಕೊಲ್ಲಾಪುರದಾಗ ಮದಿವಿ ಮಾಡೂ ಒಂದ ಮಂಗಲ ಕಾರ್ಯಾಲಯದಾಗ ಸೀರಿ ಪ್ರದರ್ಶನ ಇತ್ತು. ನನಗ ಸ್ವಂತದ್ದೊಂದು ಮಳಿಗಿ ಸಿಕ್ಕಿತ್ತು, ಜೀವನದಾಗ ಮೊದಲನೇ ಸಲ. ಮ್ಯಾಲೆ ಬೋರ್ಡಿನ್ಯಾಗ ‘ಸೀರಿ ಅಕ್ಕಾ’ ಅಂತ ಬರಸಿದ್ದೆ. ನೇಸರಿ, ಚಂದಗಡದ ಹೆಣ್ಣಮಕ್ಕಳು ಮೊದಲನೇ ಬಸ್ಸಿಗೆ ಹೊಂಡಾವ್ರಿದ್ರು. ಯಾವ ಕಾರ್ಯಾಲಯ, ಎಲ್ಲಿ ಇಳೀಬೇಕು, ಎಲ್ಲಾ ಪೇಜ್ ನೋಡೇ ತಿಳಕೊಳ್ಳಬೇಕಿತ್ತು. ಹಿಂದಿನ ದಿನಾ ಮಧ್ಯಾನ್ಹ ನಾ ಒಂದೊಂದ ಅಕ್ಷರ ತೂಗಿ ಬರದೆ. ಮಾರೂದು ಅನ್ನೂ ಮಾತಿಲ್ಲ, ಗಂಡ ಇಲ್ಲ, ಇಂಗ್ಲಿಷ್ ಅಕ್ಷರ ಇಲ್ಲ. ಅಚ್ಚ ಕನ್ನಡದಾಗ ಒಂದ ಸಾಲು: ‘ಅಕ್ಕತಂಗೇರೆಲ್ಲಾ ನಾಳೆ ಕೊಲ್ಲಾಪುರಕ್ಕ ಬರ್ರಿ.’

ಪೇಜ್ ಹೋತು.

ಕನ್ನಡ ಕಲ್ತ ಮಶೀನು ‘ಕೊಲ್ಲಾ’ ತನಕಾ ಓದೇತಿ. ‘ಕೊಲ್ಲಲು ಜನರನ್ನು ಕರೆಯಲಾಗಿದೆ. ಮೂರನೇ ಎಚ್ಚರಿಕೆ. ನಿಮ್ಮ ಪುಟವನ್ನು ಮುಚ್ಚಲಾಗಿದೆ.’ ಕನ್ನಡ ಬರಲಿಲ್ಲ ಅಂತ ಒಂದ ಸಲ ಹೊಡೀತು, ಕನ್ನಡ ಬಂತಂತ ಒಂದ ಸಲ ಹೊಡೀತು. ನಾ ಅಲ್ಲೇ ಸೀರಿ ಗಂಟಿನ ಮ್ಯಾಲೆ ಕುಂತು ಅತ್ತೆ. ನಾಚಿಗಿ ಇಲ್ಲದ ದನಿ ತಗದು ಅತ್ತೆ. ನನ್ನ ಹೆಸರ ಇದ್ದದ್ದು ಅದೊಂದ ಜಾಗಾ, ಅದೂ ಹೋತಲ್ಲ ಅಂತ.

ಅತ್ತಿಯವ್ರು ಬಂದು ಬಾಜೂಕ ಕುಂತ್ರು. “ಅಳೂದ ಆಮ್ಯಾಲೆ ಅಳು. ತಕರಾರ ಬರ್ಯಾಕ ಜಾಗಾ ಇರ್ತೈತೋ ಇಲ್ಲೋ?”

ಇತ್ತು. ಬರದೆ: ‘ಕೊಲ್ಲಾಪುರ ಅಂದ್ರ ಊರಿನ ಹೆಸರ್ರೀ.’ ಮಶೀನು ತಗೊಳ್ಳಲಿಲ್ಲ, ಇದರಾಗ ಹಿಂಸೆ ಐತಿ ಅಂತು. ‘ನಾವು ಯಾರನ್ನೂ ಕೊಲ್ಲಾಂಗಿಲ್ಲ’ ಅಂತ ಬರದೆ. ಅದನ್ನೂ ತಗೊಳ್ಳಲಿಲ್ಲ. ಕೊಲ್ಲಾಂಗಿಲ್ಲ ಅಂತ ಹೇಳಾಕೂ ಕೊಲ್ಲೂದ ಬೇಕಲ್ರೀ! ಹೊತ್ತ ಮುಣಗಾಕ ಬಂದಿತ್ತು, ಹೊತ್ತ ಮುಣಗಿದ ಮ್ಯಾಲೆ ಅತ್ತಿಯವ್ರು ಒಂದ ಅಗಳ ಬಾಯಿಗೆ ಹಾಕಾಂಗಿಲ್ಲ. ತಾಟ ಬಿಟ್ಟು ನನ್ನ ಬಾಜೂಕ ಕುಂತಿದ್ರು.

“ಕರವೀರ ಅಂತ ಬರೀ” ಅಂದ್ರು ಅತ್ತಿಯವ್ರು. “ಆ ಊರಿನ ಹಳೇ ಹೆಸರು. ನಮ್ಮ ಹಿರ್ಯಾರು ಹಂಗ ಅಂತಿದ್ರು.”

“ಕೊಲ್ಲಾಂಗಿಲ್ಲ ಅನ್ನೂದಕ್ಕ ಏನ ಬರೀಲ್ರೀ?”

“ಏನೂ ಮಾಡಾಂಗಿಲ್ಲ ಅಂತ ಬರೀ.”

ಅವ್ರು ಹೇಳಿದಂಗ ಬರದೆ: ‘ನಾಳೆ ಕರವೀರದಾಗ ನಮ್ಮ ಮಳಿಗಿ ಐತಿ. ನಾವು ಯಾರನ್ನೂ ಏನೂ ಮಾಡಾಂಗಿಲ್ರೀ. ನಾವ ಬರೇ ಮಾರ್ತೇವ್ರೀ.’

ತಗೊಂತು.

ಅತ್ತಿಯವ್ರು ಆವತ್ತ ಉಪಾಸ ಮಲಕೊಂಡ್ರು. ಮುಂಜಾನೆ ಟೆಂಪೋ ಬಾಗಲದಾಗ ಬಂದ ನಿಂತಿತ್ತು, ನಮ್ಮನಿಯವ್ರು ಕಟ್ಟಿ ಮ್ಯಾಲೆ ಕುಂತು ಬಶಿಯಾಗ ಚಹಾ ಹಾಕ್ಕೊಂಡು ಊದಾಕತ್ತಿದ್ರು. ನಾ ಗಂಟಿ ಗುರುತ ನೋಡಿದೆ. ಕೆಂಪ ಚುಕ್ಕಿ. ತಗ್ಯಾಕ ಧೈರ್ಯ ಆಗಲಿಲ್ಲ, ಕಣ್ಣ ಮುಚ್ಚಿ ಒತ್ತಿದೆ.

‘ನಿಮ್ಮ ವಿವರಣೆಯನ್ನು ಒಪ್ಪಲಾಗಿದೆ. ನಿಮ್ಮ ಪುಟವನ್ನು ಮರಳಿ ತೆರೆಯಲಾಗಿದೆ. ಇನ್ನು ಮುಂದೆ ನೀವು ಯಾರನ್ನು ಬೇಕಾದರೂ ಮಾರಬಹುದು.’

ನಾ ನಗೂದೋ ಅಳೂದೋ ತಿಳೀದ ಗಟ್ಟಿಯಾಗಿ ಓದಿದೆ. ಅತ್ತಿಯವ್ರು ಮತ್ತೊಮ್ಮೆ ಓದಸಿದ್ರು.

“ಯಾರನ್ನ ಬೇಕಾದ್ರೂ ಅಂತ ಐತೇನು?”

“ಹೌದ್ರೀ ಅತ್ತಿ.”

ಅತ್ತಿಯವ್ರು ತಿರುಗಿ ತಮ್ಮ ಮಗನ್ನ ನೋಡಿದ್ರು. “ಹಂಗಾರ ಮೊದ್ಲ ಇವನ್ನ ಮಾರು. ಟೆಂಪೋ ಬಂದು ನಿಂತೈತಿ, ಒಂದ ಗಂಟ ಎತ್ತವಲ್ಲ.”

ನಮ್ಮನಿಯವ್ರು ಬಶಿ ಕೆಳಗಿಟ್ಟು, ಮೀಸಿ ಒರಸ್ಕೊಂಡು ಸಾವಕಾಶ ಅಂದ್ರು: “ಮಾರ್ರಿ ನೋಡೂಣು. ಹೆಸರ ಹಾಕಾಕ ಅವ್ವಾ ನೀ ಬಿಡಾಂಗಿಲ್ಲ, ಗಂಡ ಅಂತ ಹಾಕಾಕ ಕಂಪನಿಯವ್ರು ಬಿಡಾಂಗಿಲ್ಲ. ಏನಂತ ಬರದು ಮಾರ್ತಾಳಾಕಿ?”