ಮಾವನ ಗ್ಯಾಲಕ್ಸಿ ಮತ್ತು ಅತ್ತೆಯ ಊಟ

ಮಾಗಡಿ ಕಡೆಯ ತಿಪ್ಪಸಂದ್ರದ ನಮ್ಮ ಸೋದರಮಾವನಿಗೆ ತಲೆ ಕೆಟ್ಟಿರಲಿಲ್ಲ. ಕೆಟ್ಟಿದ್ದರೆ ರಿಪೇರಿ ಮಾಡಿಸಬಹುದಿತ್ತು!

ಆಕಾಶದಿಂದ ಬರುವ ರೇಡಿಯೊ ಅಲೆ ಹಿಡಿಯುವ ಕೇಂದ್ರವೊಂದರಲ್ಲಿ ಮೆಕ್ಯಾನಿಕ್ ಆಗಿದ್ದು ರಿಟೈರಾದವನು. ಊರಿಗೆ ಬಂದವನೇ ಮಾಳಿಗೆ ಮೇಲೆ ಹಳೇ ಡಿಶ್ ನಿಲ್ಲಿಸಿ, ಮೀಟರ್ ಜೋಡಿಸಿ, ಯಾವುದೋ ಗ್ಯಾಲಕ್ಸಿಯ ಅಲೆಯನ್ನು ದಿನಾ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದ. ಒಂದು ದಿನವೂ ತಪ್ಪುವಂತಿಲ್ಲ!

"ಅದರ ನಡುವೆ ಕಪ್ಪು ಕುಳಿ ಐತೆ ಕಣ್ಲಾ. ಒಂದಿನ ಜಾಸ್ತಿ ಉಣ್ತದೆ, ಒಂದಿನ ಕಮ್ಮಿ. ಅದಕ್ಕೇ ಅಲೆ ಏರ್ತದೆ, ಇಳೀತದೆ."

"ಇವತ್ತು ಉಂಡಿದ್ದಾ ಮಾವ?"

"ಇವತ್ತಲ್ಲ. ಮನುಷ್ಯ ಹುಟ್ಟೋಕ್ಕೂ ಮುಂಚೆ ಉಂಡಿದ್ದು ಇವತ್ತು ತಿಳೀತದೆ. ಅಲೆ ಇಲ್ಲಿಗೆ ಬರೋಕೆ ಅಷ್ಟು ಕಾಲ ಹಿಡೀತದೆ."

ನನಗೇನು ತಿಳಿಯಿತೋ ದೇವರೇ ಬಲ್ಲ. ಒಳಗಿಂದ ಅತ್ತೆ ಕೂಗಿದಳು: "ಅದು ಉಂಡಿದ್ದು ಗೊತ್ತಾಗ್ತದೆ. ನಾನು ಉಂಡ್ನಾ ಅಂತ ಒಂದಿನ ಕೇಳಿದ್ದುಂಟಾ?"

ಡಿಶ್ಶಿನಲ್ಲಿ ಅಲೆ ಹಿಡಿಯುವ ಕಡ್ಡಿಯನ್ನು ಒಮ್ಮೆ ನೆಟ್ಟಗೆ, ಒಮ್ಮೆ ಅಡ್ಡಡ್ಡ ತಿರುಗಿಸಿ ಎರಡು ಸಲ ಬರೆಯಬೇಕಂತೆ. ಯಾಕೆ? ಪೋಲರೈಸೇಶನ್! ವಿವರಿಸಲು ಕೊಟ್ಟಿಗೆಯ ಹಗ್ಗವನ್ನು ಕಿಟಕಿ ಸರಳುಗಳ ನಡುವೆ ತೂರಿಸಿ, "ಮೇಲೆ ಕೆಳಗೆ ಅಲ್ಲಾಡ್ಸಿದ್ರೆ ಅಲೆ ಆಚೆ ಹೋಯ್ತದೆ, ಅಡ್ಡ ಅಲ್ಲಾಡ್ಸಿದ್ರೆ ಸರಳಿಗೆ ಬಡೀತದೆ" ಅಂತ ಜೋರಾಗಿ ಅಲ್ಲಾಡಿಸಿದ. ಆಚೆ ತುದಿಯಲ್ಲಿ ಕರು ಕಟ್ಟಿದ್ದು ಮರೆತೇ ಹೋಗಿತ್ತು! ಕರುವಿಗೆ ಅರ್ಥವಾಯಿತು, ಹಗ್ಗ ಕಿತ್ತುಕೊಂಡು ಪಕ್ಕದೂರು ಕಲ್ಯದ ದಾರಿ ಹಿಡಿಯಿತು. ನನಗೆ ಇವತ್ತಿಗೂ ಆಗಿಲ್ಲ.

ಅಷ್ಟರಲ್ಲಿ ಆಚೆ ಹೊಲದಲ್ಲಿ ಫ್ಯಾಕ್ಟರಿ ಬಂತು. ಒಂದು ಬೆಳಿಗ್ಗೆ ಮೀಟರಿನ ಮುಳ್ಳು ನೆಗೆಯಿತು. "ಗ್ಯಾಲಕ್ಸಿ ಎದ್ಬುಡ್ತು!" ಅಂತ ಮಾವ ಬೀದಿಗೆಲ್ಲ ಸಕ್ಕರೆ ಹಂಚಿದ. ಮಧ್ಯಾಹ್ನ ಸೈರನ್ ಕೂಗಿ ಕೆಲಸದವರು ಊಟಕ್ಕೆ ಕೂತರು, ಮುಳ್ಳೂ ಕೂತಿತು. ಎದ್ದಿದ್ದು ವೆಲ್ಡಿಂಗ್ ಮಿಷಿನ್ನು! ಅಂದಿನಿಂದ ಫ್ಯಾಕ್ಟರಿಯ ಊಟದ ಹೊತ್ತಿನಲ್ಲೇ ಮಾವನ ಬರವಣಿಗೆ. ಅತ್ತೆ ಬಡಿಸಿದ ಮುದ್ದೆ ದಿನಾ ಆರುತ್ತಿತ್ತು.

ಒಂದು ಮಳೆಗಾಲ ಮಾವ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡ. ಮಾಗಡಿಯ ಆಸ್ಪತ್ರೆಯಲ್ಲಿ ಹನ್ನೆರಡು ದಿನ. "ಬುಕ್ಕು ಖಾಲಿ ಬಿತ್ತಲ್ಲೋ!" ಅಂತ ಅತ್ತುಬಿಟ್ಟ. ಕಾಲಿಗಲ್ಲ, ಬುಕ್ಕಿಗೆ! ಅತ್ತೆ ಊಟ ತರುವುದೂ ದಿನಾ ತಡ. ಬೈದರೆ, "ಬಸ್ ಸಿಗ್ನಿಲ್ಲ" ಅನ್ನುತ್ತಿದ್ದಳು.

ಮನೆಗೆ ಬಂದವನೇ ಬುಕ್ಕು ತೆರೆದ. ಹನ್ನೆರಡು ದಿನವೂ ತುಂಬಿತ್ತು! ದಿನಕ್ಕೆ ಮೀಟರಿನಂಥ ಎರಡು ಸೊಟ್ಟ ದುಂಡು, ಒಳಗೊಂದೊಂದು ಮುಳ್ಳು. ಒಂದರ ಪಕ್ಕ ನೆಟ್ಟಗೆ ಗೀಟು, ಇನ್ನೊಂದರ ಪಕ್ಕ ಅಡ್ಡ ಗೀಟು.

"ನಂಗೆ ಬರೆಯಾಕೆ ಬರಾಕಿಲ್ವಲ್ಲ," ಅಂದಳು ಅತ್ತೆ, ಬಾಗಿಲ ಮರೆಯಲ್ಲಿ ನಿಂತು. "ಮುಳ್ಳು ನಿಂತಂಗೇ ಗೀಚಿವ್ನಿ. ಫ್ಯಾಕ್ಟರಿಯೋರು ಊಟಕ್ಕೆ ಕೂತ ಮ್ಯಾಲೇ ನೋಡಿದ್ದು."

ಮಾವ ಒಂದೊಂದೇ ಹಾಳೆ ತಿರುವಿದ. ಕಣ್ಣು ತುಂಬಿತ್ತು. ಆಮೇಲೆ ಅವಳ ಕಡೆ ನೋಡಿ ಕೇಳಿದ:

"ನೀನು ಉಂಡ್ಯಾ?"