ಅತ್ತೆಯ ಪೀಪಾಯಿಗೆ ಒಂದು ರಬ್ಬರ್ ಉಂಗುರ

ಬೇಕಪ್ ಊರಿನ ಎಂಟ್‌ವಿಸಲ್ ಅಕ್ಕತಂಗಿಯರ ಬಗ್ಗೆ ಯಾರಾದರೂ ಬರೆಯಲೇಬೇಕು. ಮನೆಯಲ್ಲಿ ಬಿಯರ್ ಮಾಡಿ ತುಂಬಿಡುವ ಪೀಪಾಯಿಗಳಿದ್ದವಲ್ಲ, ಅವನ್ನು ಮಾಡಿದ ಕಾರ್ಖಾನೆಗಳೆಲ್ಲ ಬಾಗಿಲು ಹಾಕಿಕೊಂಡು ಹೋದವು. ಆ ಪೀಪಾಯಿಗಳು ಮಾತ್ರ ನಮ್ಮ ಕಣಿವೆಯ ಮನೆಗಳಲ್ಲಿ ಇನ್ನೂ ಬದುಕಿವೆ. ಬದುಕಿಸಿದವರು ಇವರಿಬ್ಬರು. ನನ್ನ ಹೆಂಡತಿ ನನ್ನ ಜೊತೆ ಈಗಲೂ ಮಾತಾಡುತ್ತಿದ್ದಾಳೆ ಅಂದರೆ ಅದಕ್ಕೂ ಇವರೇ ಕಾರಣ. ನಾನು ಹೆಚ್ಚು ಓದಿದವನಲ್ಲ. ಹದಿನೈದಕ್ಕೇ ಶಾಲೆ ಬಿಟ್ಟು ಚಪ್ಪಲಿ ಕಾರ್ಖಾನೆ ಸೇರಿದವನು. ಬರೆಯಬಲ್ಲವರು ಯಾರೂ ಮುಂದೆ ಬರಲಿಲ್ಲ, ಅದಕ್ಕೇ ನಾನು ಕೂತಿದ್ದೇನೆ.

ಶುರುವಾದದ್ದು ಒಂದು ಭಾನುವಾರ, ಅತ್ತೆಯ ಮನೆಯ ಊಟದ ಮೇಜಿನಲ್ಲಿ.

ನಮ್ಮ ಅತ್ತೆಯ ಹೆಸರು ಮೇವಿಸ್. ಮನೆಯಲ್ಲೇ ಬಿಯರ್ ಮಾಡುವುದರಲ್ಲಿ ಅವರು ಮಹಾರಾಣಿ. ಅವರ ಪೀಪಾಯಿ ತೆರೆಯುವ ದಿನ ಬೀದಿಯ ಗಂಡಸರೆಲ್ಲ ಇದ್ದಕ್ಕಿದ್ದಂತೆ ನೆಂಟರಾಗುತ್ತಿದ್ದರಂತೆ. ಅದೊಂದು ಕಂದು ಬಣ್ಣದ ಪ್ಲಾಸ್ಟಿಕ್ ಪೀಪಾಯಿ, ಕೊಬ್ಬಿದ ಕುರಿಯ ಗಾತ್ರ. ಕೆಳಗೆ ನಲ್ಲಿ, ಮೇಲೆ ತಟ್ಟೆಯಗಲದ ಮುಚ್ಚಳ. ಆ ಮುಚ್ಚಳದೊಳಗೆ ಒಂದು ರಬ್ಬರ್ ಉಂಗುರ. ಉಂಗುರ ಗಟ್ಟಿಯಾಗಿದ್ದರೆ ಬಿಯರ್ ಹುಳಿಯೆದ್ದಾಗ ಬರುವ ಗ್ಯಾಸ್ ಒಳಗೇ ನಿಲ್ಲುತ್ತದೆ, ಲೋಟದಲ್ಲಿ ನೊರೆ ಏಳುತ್ತದೆ. ಉಂಗುರ ಬಿರಿದರೆ ಗ್ಯಾಸೆಲ್ಲ ಹೊರಗೆ, ಬಿಯರ್ ಸಪ್ಪೆ. ಅತ್ತೆಯ ಉಂಗುರ ಬಿರಿದು ನಾಲ್ಕು ವರ್ಷವಾಗಿತ್ತು. ಅಂದಿನಿಂದ ಅವರು ಒಂದು ಗುಟುಕು ಬಿಯರ್ ಮುಟ್ಟಿರಲಿಲ್ಲ.

"ಅಂಗಡಿ ಬಿಯರಾ? ಅದರಲ್ಲಿ ಕಿಟಕಿ ಒರೆಸ್ತೀನಿ" ಅನ್ನುತ್ತಿದ್ದರು.

ಆ ಭಾನುವಾರ ಅವರು ಆಲೂಗಡ್ಡೆ ಬಡಿಸುತ್ತ, "ನೆವಿಲ್, ಹೋಗುವಾಗ ಆ ಪೀಪಾಯಿ ಎತ್ಕೊಂಡು ಹೋಗಿ ಕಸಕ್ಕೆ ಹಾಕ್ಬಿಡು" ಅಂದರು. ಹೇಳಿ ಬೇರೆ ಕಡೆ ತಿರುಗಿದರು. ಆ ತಿರುಗಿದ ರೀತಿ ನೋಡಿ ನನ್ನ ಎದೆಯಲ್ಲಿ ಏನೋ ಆಯಿತು. ಆದದ್ದು ಎದೆಯಲ್ಲೇ ಉಳಿಯಲಿಲ್ಲ, ಬಾಯಿಗೂ ಬಂತು.

"ಅಮ್ಮ, ನಿಮ್ಮ ಎಂಬತ್ತನೇ ಹುಟ್ಟುಹಬ್ಬಕ್ಕೆ ಇದೇ ಪೀಪಾಯಿಂದ ಬಿಯರ್ ಹರಿಸ್ತೀನಿ. ಜೀವಮಾನವೆಲ್ಲ ಚಪ್ಪಲಿಗೆ ರಬ್ಬರ್ ಅಂಟಿಸಿದ ಕೈ ಇದು. ಒಂದು ರಬ್ಬರ್ ಉಂಗುರ ನನ್ನ ಮುಂದೆ ಎಷ್ಟರದು?"

ಮೇಜಿನ ಕೆಳಗೆ ನನ್ನ ಹೆಂಡತಿ ಗ್ಲೆಂಡಾ ಕಾಲು ತುಳಿದಳು. ತಡವಾಗಿತ್ತು.

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹುಡುಗಾ, ಆ ಪೀಪಾಯಿಗೂ ನಿನಗೂ ಒಂದೇ ಕಾಯಿಲೆ. ಇಬ್ಬರಿಗೂ ಗ್ಯಾಸ್ ತಡ್ಕೊಳ್ಳೋಕಾಗಲ್ಲ."

ನನಗೆ ಐವತ್ತೊಂಬತ್ತು. ಅವರಿಗೆ ನಾನಿನ್ನೂ ಹುಡುಗನೇ.

ಹಾಗೆ ಅಂದರೂ ನನ್ನ ಮಾತನ್ನು ಅವರು ಗಟ್ಟಿಯಾಗಿ ಹಿಡಿದುಕೊಂಡರು. ಮಾರನೆಯ ದಿನ ತಮ್ಮ ಬೋಲ್ಸ್ ಆಟದ ಕ್ಲಬ್ಬಿಗೆ ಫೋನ್ ಮಾಡಿ, ಹುಟ್ಟುಹಬ್ಬದ ಪಾರ್ಟಿಗೆ ಬಿಯರ್ ತರಿಸಬೇಡಿ, ಅಳಿಯ ನೋಡ್ಕೋತಾನೆ ಅಂದುಬಿಟ್ಟರು. ಗ್ಲೆಂಡಾ ನನ್ನನ್ನು ಅಡುಗೆಮನೆಗೆ ಕರೆದಳು.

"ನೆವಿಲ್, ಅಮ್ಮ ಹೊಸ ಲೋಟ ತಗೊಂಡಿದಾಳೆ. ಈ ಬಿಯರಿಗೆ ಅಂತಾನೇ. ನೀನು ಬರೀ ಬಾಯಿಮಾತಿಗೆ ಹೇಳಿದ್ದರೆ ಈಗಲೇ ಹೇಳಿಬಿಡು."

"ಬಾಯಿಮಾತಲ್ಲ" ಅಂದೆ. ಆಗ ಅದು ಬಾಯಿಮಾತೇ ಆಗಿತ್ತು.

ಪೀಪಾಯಿ ಮಾಡಿದ ಕಂಪನಿಯೇ ಇಲ್ಲ. ಹೊಸ ಪೀಪಾಯಿಯ ಉಂಗುರ ಇದಕ್ಕೆ ಸಣ್ಣದು. ಇರಲಿ ಬಿಡು, ನಾನೇ ಮಾಡುತ್ತೇನೆ ಅಂದುಕೊಂಡು ಹಳೆಯ ಚಪ್ಪಲಿಯ ಅಟ್ಟೆಯಿಂದ ಉಂಗುರ ಕತ್ತರಿಸಿ ಕೂರಿಸಿದೆ. ಬಿಯರ್ ಕಾಯಿಸಿ, ಯೀಸ್ಟ್ ಹಾಕಿ, ಹುಳಿಯೆಬ್ಬಿಸಿ ಪೀಪಾಯಿ ತುಂಬಿದೆ. ಮುಚ್ಚಳ ಬಿಗಿದೆ. ಅದು ಮಲಗಿದ ಬೆಕ್ಕಿನ ಹಾಗೆ 'ಹಿಸ್' ಅಂತು. ಇನ್ನೂ ಬಿಗಿದೆ. ಎದ್ದ ಬೆಕ್ಕಿನ ಹಾಗೆ ಅಂತು.

ಆಮೇಲೆ ನಾನು ಮಾಡಿದ್ದನ್ನು ಕಳ್ಳತನ ಅನ್ನುವವರಿದ್ದಾರೆ. ನಾನು ಸಾಲ ಅನ್ನುತ್ತೇನೆ. ಮುಚ್ಚಳದ ಮಧ್ಯದ ಸಣ್ಣ ವಾಲ್ವಿಗೆ ಪಾತ್ರೆ ತೊಳೆಯುವ ಗ್ಲೌಸಿನ ಒಂದು ಬೆರಳು ಕತ್ತರಿಸಿ ಸುತ್ತಿದೆ. ಪೀಪಾಯಿಯ ನಲ್ಲಿಗೆ ಅಡುಗೆಮನೆಯ ನಲ್ಲಿಯ ವಾಷರ್ ಹಾಕಿದೆ. ಅದು ಸಾಲದೆ ಬಿಸಿನೀರಿನ ಚೀಲದ ಬಿರಡೆಯ ವಾಷರ್ರೂ ಹೋಯಿತು. ಗ್ಲೆಂಡಾ ಕೆಲಸಕ್ಕೆ ಒಯ್ಯುವ ಫ್ಲಾಸ್ಕಿನ ರಬ್ಬರ್ರೂ ಹೋಯಿತು. ಪೀಪಾಯಿ ಸ್ವಲ್ಪ ಸ್ವಲ್ಪವೇ ಗಟ್ಟಿಯಾಯಿತು. ಮನೆ ಸ್ವಲ್ಪ ಸ್ವಲ್ಪವೇ ಸೋರತೊಡಗಿತು.

"ನೆವಿಲ್, ಅಡುಗೆಮನೆ ನಲ್ಲಿ ಯಾಕೆ ತೊಟ್ಟಿಕ್ತಿದೆ?"

"ಹಳೇದಾಯ್ತಲ್ಲ."

"ನೆವಿಲ್, ಗ್ಲೌಸಲ್ಲಿ ನಾಲ್ಕೇ ಬೆರಳಿದೆ."

"ತೊಳೆಯೋಕೆ ನಾಲ್ಕು ಸಾಕಲ್ವಾ?"

"ನೆವಿಲ್, ನನ್ನ ಬ್ಯಾಗ್ ತುಂಬ ಟೀ. ಸೋಫಾ ತುಂಬ ಬಿಸಿನೀರು. ಈ ಮನೆಯಲ್ಲಿ ಸೋರದೇ ಇರೋದು ಒಂದೇ, ನಿನ್ನ ಬಾಯಿಂದ ನಿಜ."

ಅವತ್ತು ಸಂಜೆಯಿಂದ ಅವಳು ನನ್ನ ಜೊತೆ ಮಾತು ಬಿಟ್ಟಳು. ಇಷ್ಟಾದರೂ ಪೀಪಾಯಿ ಮಾತ್ರ ಮಾತು ಬಿಡಲಿಲ್ಲ. ಹಿಸ್, ಹಿಸ್.

ಪಾರ್ಟಿಗೆ ಎರಡು ವಾರವೂ ಇರಲಿಲ್ಲ. ಗ್ಯಾಸ್ ಕಟ್ಟುವುದಕ್ಕೇ ಹತ್ತು ದಿನ ಬೇಕು. ಬೇಕಪ್‌ನಲ್ಲಿ ಒಂದು ಹಳೆಯ ಕಬ್ಬಿಣದ ಸಾಮಾನಿನ ಅಂಗಡಿ ಇದೆ, ಅಲ್ಲಿಗೆ ಪೀಪಾಯಿಯನ್ನೇ ಒಯ್ಯೋಣ ಅಂದುಕೊಂಡೆ. ತುಂಬಿದ ಪೀಪಾಯಿ ಹೊತ್ತು ಬಸ್ ಸ್ಟಾಪಿನಲ್ಲಿ ನಿಂತೆ. ಬಸ್ ಬಂತು. ಬಾಗಿಲು ತೆರೆಯಿತು. ಚಾಲಕಿಯ ಸೀಟಿನಲ್ಲಿ ಗ್ಲೆಂಡಾ. ಬಸ್ ಓಡಿಸುವುದು, ಟಿಕೆಟ್ ಕೊಡುವುದು, ಅವಳ ಕೆಲಸವೇ ಅದು. ಆದರೆ ಅವತ್ತು ಅವಳು ಬೇರೆ ದಾರಿಯಲ್ಲಿ ಇರಬೇಕಿತ್ತು.

"ಟಿಕೆಟ್" ಅಂದಳು. ಮಾತು ಬಿಟ್ಟ ಮೇಲೆ ನನಗೆ ಹೇಳಿದ ಮೊದಲ ಮಾತು.

"ನಾನು ನಿನ್ನ ಗಂಡ ಕಣೆ."

"ಗಂಡನಿಗೆ ರಿಯಾಯಿತಿ ಇಲ್ಲ. ಅದಕ್ಕೂ ತಗೋ."

"ಪೀಪಾಯಿಗೆ ಟಿಕೆಟ್ಟಾ?"

"ಐದು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಪುಕ್ಕಟೆ. ಅದಕ್ಕೆಷ್ಟು?"

"ನಲವತ್ತು ದಾಟಿದೆ."

"ಹಾಗಾದ್ರೆ ಪೂರ್ತಿ ಟಿಕೆಟ್."

ಎರಡು ಟಿಕೆಟ್ ತೆಗೆದುಕೊಂಡು, ಮಕ್ಕಳ ತಳ್ಳುಗಾಡಿ ನಿಲ್ಲಿಸುವ ಜಾಗದಲ್ಲಿ ಪೀಪಾಯಿ ಇಟ್ಟು ಅಪ್ಪಿಕೊಂಡು ಕೂತೆ. ನಮ್ಮ ರಸ್ತೆ ನಿಮಗೆ ಗೊತ್ತಿಲ್ಲ. ಬಸ್ಸು ಕುಲುಕಿದಷ್ಟೂ ಬಿಯರ್ ಕುಲುಕಿತು. ಎರಡನೆಯ ತಿರುವಿನಲ್ಲಿ ಪೀಪಾಯಿ ಉಸಿರೆಳೆದು, ಜೀವಮಾನದ ಕೋಪವೆಲ್ಲ ಸೇರಿಸಿ 'ಹಿಸ್ಸ್ಸ್' ಅಂತು. ಬಸ್ಸಿನಲ್ಲಿದ್ದವರೆಲ್ಲ ಕಾಲು ಮೇಲೆತ್ತಿದರು. ಗ್ಲೆಂಡಾ ಬಸ್ ನಿಲ್ಲಿಸಿದಳು. ಇಳಿದು ನಾಲ್ಕೂ ಕಡೆ ಟೈರ್ ಒದ್ದು ನೋಡಿದಳು. ಟೈರ್‌ಗಳು ಕಲ್ಲಿನ ಹಾಗಿದ್ದವು. ಮೇಲೆ ಬಂದಳು. ಹಿಸ್ ನಿಂತಿರಲಿಲ್ಲ. ಶಬ್ದದ ಜಾಡು ಹಿಡಿದು ಮೆಲ್ಲಗೆ ನಡೆದು ಬಂದು ನನ್ನ ಮುಂದೆ ನಿಂತಳು.

"ಇಳಿ."

"ಇನ್ನೂ ಮೂರು ಸ್ಟಾಪ್ ಇದೆ. ಟಿಕೆಟ್ ತಗೊಂಡಿದೀನಿ."

ಆಗ ಮುಂದಿನ ಸೀಟಿನಲ್ಲಿದ್ದ ಮುದುಕಿಯೊಬ್ಬಳು ಹಿಂದಕ್ಕೆ ತಿರುಗಿ ನೋಡಿದಳು. "ಬಿಡಮ್ಮ ಅವನನ್ನ, ಪಾಪ. ಏನಪ್ಪಾ, ಎಂಟ್‌ವಿಸಲ್ ಹುಡುಗೀರ ಹತ್ರ ಒಯ್ತಿದೀಯಾ?"

"ಯಾವ ಹುಡುಗೀರು?" ಗ್ಲೆಂಡಾ ಮತ್ತು ನಾನು ಒಟ್ಟಿಗೇ ಕೇಳಿದೆವು. ಇಬ್ಬರ ದನಿಯೂ ಬೇರೆಬೇರೆ ಥರ ಇತ್ತು.

"ಥೆಲ್ಮಾ, ಐರೀನ್. ಎಪ್ಪತ್ತು ದಾಟಿದ ಹುಡುಗೀರು. ಹಳೇ ಪೀಪಾಯಿಗೆ ಅವರ ಹತ್ರ ಇಲ್ಲದ್ದು ಇಲ್ಲ. ಪ್ರಾರ್ಥನಾ ಮಂದಿರದ ಹಿಂದಿನ ಓಣಿ."

ಹೆಸರಿನಲ್ಲೇ ಎಂಟು ವಿಸಲ್. ನನ್ನ ಪೀಪಾಯಿ ಹಾಕುತ್ತಿದ್ದುದು ಒಂದೇ. ಊರಿನ ಹೆಸರೋ, ಬೇಕಪ್. ನನಗೆ ಬೇಕಾದದ್ದೂ ಅಲ್ಲೇ ಇರಬೇಕು ಅಂದುಕೊಂಡು ಮೂರು ಸ್ಟಾಪ್ ಆದಮೇಲೆ ಇಳಿದೆ.

ಓಣಿಯ ಕೊನೆಯಲ್ಲಿ ಬಾಗಿಲು ತೆರೆದಿತ್ತು. ಒಳಗೆ ಕಾಲಿಟ್ಟವನು ಟೋಪಿ ತೆಗೆದೆ. ಯಾರೂ ಹೇಳಲಿಲ್ಲ, ಕೈ ತಾನಾಗೇ ಹೋಯಿತು. ನೆಲದಿಂದ ಚಾವಣಿಯವರೆಗೆ ಡ್ರಾಯರುಗಳು. ಮೊಳೆಗಳಿಗೆ ತೂಗುಬಿಟ್ಟ ರಬ್ಬರ್ ಉಂಗುರಗಳು, ದಪ್ಪ, ತೆಳು, ಕರಿ, ಕೆಂಪು. ಮುಚ್ಚಳಗಳ ರಾಶಿ. ನಲ್ಲಿಗಳ ರಾಶಿ. ಗೋಡೆಯುದ್ದಕ್ಕೂ ಬೇರೆಯವರ ಹಳೆಯ ಪೀಪಾಯಿಗಳು, ಒಂದೊಂದರ ಕೊರಳಿಗೂ ಒಡೆಯರ ಹೆಸರಿನ ಚೀಟಿ. ಕಿಟಕಿಯ ಬೆಳಕು ಅವುಗಳ ಮೇಲೆ ಬಿದ್ದಿತ್ತು. ಚಪ್ಪಲಿ ಕಾರ್ಖಾನೆ ಮುಚ್ಚಿದ ದಿನ ಯಂತ್ರಗಳನ್ನೆಲ್ಲ ಗುಜರಿಗೆ ಎಳೆದುಕೊಂಡು ಹೋದದ್ದನ್ನು ನಾನು ನೋಡಿದ್ದೆ. ಯಾರಾದರೂ ಹೀಗೂ ಎತ್ತಿಡಬಹುದಿತ್ತು ಅಂತ ನನಗೆ ಹೊಳೆದೇ ಇರಲಿಲ್ಲ.

ಐರೀನ್ ಕುಳ್ಳಗೆ, ತೋಳು ಮಡಚಿದ ಜಾಕೀಟಿನಲ್ಲಿ. ಪೀಪಾಯಿಗೆ ಕಿವಿ ಹಚ್ಚಿ ಕೇಳಿದರು. ಮುಚ್ಚಳ ತಿರುವಿ ನನ್ನ ಉಂಗುರ ಹೊರಗೆಳೆದರು.

"ಇದರ ಮೇಲೆ ಒಂಬತ್ತು ಅಂತ ಬರೆದಿದೆಯಲ್ಲ, ಮಗಾ?"

"ಅದು ಚಪ್ಪಲಿ ಸೈಜು."

"ಥೆಲ್ಮಾ! ಬಂದು ನೋಡು. ಪೀಪಾಯಿಗೆ ಚಪ್ಪಲಿ ತೊಡಿಸಿದಾನೆ."

ಉದ್ದನೆಯ ಅಕ್ಕ ಬಂದು ಕನ್ನಡಕ ಏರಿಸಿದರು. "ಗ್ಲೌಸೂ ಹಾಕಿದಾನಲ್ಲೇ. ಚಳಿ ಅಂತಲೋ ಏನೋ ಪಾಪ."

"ನಗಬೇಡ, ಅಕ್ಕ. ಗಾಬರಿ ಆಗ್ತಾನೆ."

"ನಾನೆಲ್ಲಿ ನಕ್ಕೆ? ನೀನೇ ನಗ್ತಿರೋದು."

ಹಾಗೆ ಜಗಳವಾಡುತ್ತಲೇ ಇಬ್ಬರೂ ಡ್ರಾಯರ್ ಎಳೆಯತೊಡಗಿದರು. ನಲ್ಲಿಗೆ ವಾಷರ್ ಸಿಕ್ಕಿತು. ವಾಲ್ವಿಗೆ ರಬ್ಬರ್ ಸಿಕ್ಕಿತು. ಮುಚ್ಚಳದ ಉಂಗುರಕ್ಕೆ ಬಂದಾಗ ಜಗಳ ನಿಂತಿತು. ಐರೀನ್ ಕೊನೆಯ ಡ್ರಾಯರ್ ಮುಚ್ಚಿ ಅಕ್ಕನ ಮುಖ ನೋಡಿದರು.

"ಈ ಅಳತೇದು ಮುಗಿದಿದೆ, ಮಗಾ" ಅಂದರು ಥೆಲ್ಮಾ. "ಇನ್ನು ಯಾರೂ ಮಾಡಲ್ಲ. ನಮಗೆ ಗೊತ್ತಿರೋ ಹಾಗೆ ಒಂದೇ ಇರೋದು. ಅದು ನಮ್ಮ ಪೀಪಾಯಲ್ಲಿದೆ."

ಅವರ ಪೀಪಾಯಿ ಒಲೆಯ ಪಕ್ಕ ಇತ್ತು. ತುಂಬಿತ್ತು. ಹೊಟ್ಟೆ ಉಬ್ಬಿಸಿಕೊಂಡು ಸದ್ದಿಲ್ಲದೆ ಕೂತಿತ್ತು. ಹದಕ್ಕೆ ಬಂದದ್ದೇ ಆ ವಾರವಂತೆ.

ನಾನು ಟೋಪಿ ಹಾಕಿಕೊಂಡೆ. "ಪರವಾಗಿಲ್ಲ. ನಮ್ಮ ಅತ್ತೆಗೆ ಹೇಳ್ತೀನಿ."

"ಅತ್ತೆಗಾ? ಬಿಯರು ಅತ್ತೆಗಾ?"

"ಎಂಬತ್ತು ತುಂಬುತ್ತೆ. ಇದರದ್ದು ಬಿಟ್ಟು ಬೇರೆ ಕುಡಿಯಲ್ಲ. ನಾಲ್ಕು ವರ್ಷ ಆಯ್ತು. ಹೊಸ ಲೋಟ ತಗೊಂಡಿದಾರೆ."

ಅಷ್ಟೇ ಹೇಳಿದೆ. ಅದಕ್ಕಿಂತ ಹೆಚ್ಚು ನನಗೆ ಬರುವುದೂ ಇಲ್ಲ.

ಅಕ್ಕತಂಗಿಯರು ಒಬ್ಬರನ್ನೊಬ್ಬರು ನೋಡಲೂ ಇಲ್ಲ. "ಬಿಚ್ಚೇ" ಅಂದರು ಥೆಲ್ಮಾ. ಐರೀನ್ ಆಗಲೇ ಮುಚ್ಚಳಕ್ಕೆ ಕೈ ಹಾಕಿದ್ದರು.

ಅವರ ಪೀಪಾಯಿಯ ಗ್ಯಾಸ್ ಹೊರಗೆ ಹೋದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ನನ್ನದರ ಹಾಗೆ ಕೋಪದ್ದಲ್ಲ. ಒಂದೇ ಉದ್ದನೆಯ ಉಸಿರು. ನಾನು ಮದುವೆಯ ದಿನವೂ ಅಷ್ಟು ಸುಮ್ಮನೆ ನಿಂತಿರಲಿಲ್ಲ. ಐರೀನ್ ಉಂಗುರ ತೆಗೆದು ಒರೆಸಿ ನನ್ನ ಅಂಗೈಯಲ್ಲಿಟ್ಟರು. ಬೆಚ್ಚಗಿತ್ತು.

"ನಿಮ್ಮ ಬಿಯರ್ ಸಪ್ಪೆ ಆಗುತ್ತಲ್ಲ" ಅಂದೆ.

"ಆಗೋಕೆ ಬಿಟ್ರೆ ತಾನೇ?" ಅಂದ ಥೆಲ್ಮಾ ಬಾಗಿಲಿಗೆ ಹೋಗಿ ಓಣಿಗೆಲ್ಲ ಕೇಳುವ ಹಾಗೆ ಕೂಗಿದರು. "ಬನ್ರೋ, ಲೋಟ ತಗೊಂಡು ಬನ್ನಿ, ನೊರೆ ಹೋಗೋದ್ರೊಳಗೆ ಬನ್ನಿ!"

ಓಣಿಯೇ ಬಂತು. ಜಗ್, ಮಗ್, ಒಬ್ಬ ಹೂದಾನಿಯನ್ನೇ ತೊಳೆದುಕೊಂಡು ಬಂದ. ಅಷ್ಟು ಹೊತ್ತಿಗೆ ಗ್ಲೆಂಡಾಳ ಬಸ್ ಕೊನೆಯ ಸ್ಟಾಪ್ ಮುಟ್ಟಿ ಅವಳ ಬಿಡುವಿನ ಹೊತ್ತಾಗಿತ್ತು. 'ಹುಡುಗೀರು' ಯಾರು ಅಂತ ನೋಡಲು ಬಂದಿದ್ದಳು. ಬಂದವಳು ಬಾಗಿಲಲ್ಲೇ ನಿಂತಳು. ನೋಡಿದಳು. ಯೂನಿಫಾರ್ಮಿನಲ್ಲಿದ್ದ ಕಾರಣ ಕುಡಿಯಲಿಲ್ಲ, ಮೂಸಿ ಮಾತ್ರ ನೋಡಿದಳು. ಐರೀನ್ ಅವಳಿಗೊಂದು ಪೊಟ್ಟಣ ಕೊಟ್ಟರು. ನಲ್ಲಿಗೆ, ಫ್ಲಾಸ್ಕಿಗೆ, ಬಿಸಿನೀರಿನ ಚೀಲಕ್ಕೆ. ನಾನು ಹೇಳಿರಲೇ ಇಲ್ಲ.

"ಹೆಂಗೆ ಗೊತ್ತಾಯ್ತು?" ಅಂದಳು ಗ್ಲೆಂಡಾ.

"ಇಲ್ಲಿಗೆ ಬರೋ ಗಂಡಸರೆಲ್ಲ ಮೊದಲು ಮನೆ ಸೋರಿಸಿಕೊಂಡೇ ಬರೋದು, ಮಗಳೇ."

ವಾಪಸ್ ಬರುವಾಗ ಅದೇ ಬಸ್. ಅವರ ಉಂಗುರ ಕೂರಿಸಿ, ಗ್ಯಾಸ್ ಮತ್ತೆ ಕಟ್ಟಲಿ ಅಂತ ಚಮಚ ಸಕ್ಕರೆ ಹಾಕಿ ಮುಚ್ಚಿದ ಪೀಪಾಯಿ ದಾರಿಯುದ್ದಕ್ಕೂ ಮಾತಾಡಲಿಲ್ಲ. ಗ್ಲೆಂಡಾ ಮಾತಾಡಿದಳು.

ಪಾರ್ಟಿಯ ದಿನ ಕ್ಲಬ್ಬಿನ ಹಾಲ್‌ನಲ್ಲಿ ನಲವತ್ತು ಜನ. ಎಂಟ್‌ವಿಸಲ್ ಅಕ್ಕತಂಗಿಯರನ್ನೂ ಕರೆದಿದ್ದೆ. ನಾನು ನಲ್ಲಿ ತಿರುವಿದೆ. ಅತ್ತೆಯ ಹೊಸ ಲೋಟದಲ್ಲಿ ಕಂದು ಬಿಯರ್ ಏರಿತು, ಅದರ ಮೇಲೆ ಎರಡು ಬೆರಳು ದಪ್ಪ ಬಿಳೀ ನೊರೆ ನಿಂತಿತು. ಅತ್ತೆ ಲೋಟವನ್ನು ಬೆಳಕಿಗೆ ಹಿಡಿದರು. ಒಂದು ಗುಟುಕು ಕುಡಿದರು. ಕಣ್ಣು ಮುಚ್ಚಿದರು.

"ನೊರೆ ಚೆನ್ನಾಗಿದೆ" ಅಂದರು.

ನಾನು ಕೇಳಿದೆ. "ಬಿಯರ್ ಹೇಗಿದೆ, ಅಮ್ಮ?"

"ನೊರೆ ಚೆನ್ನಾಗಿದೆ ಅಂದ್ನಲ್ಲ, ಹುಡುಗಾ."

ಆದರೂ ಲೋಟ ಖಾಲಿ ಮಾಡಿದರು. ಇನ್ನೊಂದು ಕೇಳಿದರು. ಆಮೇಲೆ ಆ ನೊರೆಗೆ ಕಾರಣರಾದವರು ಯಾರು ಅಂತ ಕೇಳಿ, ಲೋಟ ಹಿಡಿದುಕೊಂಡೇ ಹೋಗಿ ಅಕ್ಕತಂಗಿಯರ ನಡುವೆ ಕೂತರು. ಕೇಕ್ ಕತ್ತರಿಸಲು ಕರೆದರೆ ಏಳಲಿಲ್ಲ. ಮೂವರೂ ಸೇರಿ ನನ್ನ ಬಿಯರಿನಲ್ಲಿ ಏನೇನು ತಪ್ಪಿದೆ ಅಂತ ಎಣಿಸುತ್ತಿದ್ದರು. ಎಣಿಕೆ ಮುಗಿಯುವ ಲಕ್ಷಣ ಕಾಣಲಿಲ್ಲ. ಅತ್ತೆಯ ಮುಖದಲ್ಲಿ ಅಂಥ ಬೆಳಕನ್ನು ನಾನು ಕಂಡೇ ಇರಲಿಲ್ಲ. ಬೈಸಿಕೊಳ್ಳುತ್ತ ನಿಂತವನಿಗೆ ಅಲ್ಲಿಂದ ಕದಲಲು ಮನಸ್ಸಾಗಲಿಲ್ಲ.

ಈಗ ಬಿಯರನ್ನು ಅತ್ತೆಯೇ ಮಾಡುತ್ತಾರೆ. ಗುರುವಾರ ಗುರುವಾರ ಆ ಓಣಿಗೆ ಹೋಗಿ ಅವರ ಜೊತೆ ಡ್ರಾಯರ್ ಜೋಡಿಸುತ್ತಾರೆ. ಪೀಪಾಯಿ ಹೊರುವ ಕೆಲಸ ನನಗೆ ಬಿಟ್ಟಿದ್ದಾರೆ.

ನೀವೂ ದಯವಿಟ್ಟು ಬೇಕಪ್‌ಗೆ ಹೋಗಿ ಅವರನ್ನು ನೋಡಿ. ಪ್ರಾರ್ಥನಾ ಮಂದಿರದ ಹಿಂದಿನ ಓಣಿ, ಕೊನೆಯ ಬಾಗಿಲು. ಪೀಪಾಯಿ ಇಲ್ಲದಿದ್ದರೂ ಹೋಗಿ. ಗುರುವಾರವೇ ಹೋದರೆ ಅಲ್ಲಿ ಮೂರನೆಯ ಹೆಂಗಸೊಬ್ಬರು ತಮ್ಮ ಅಳಿಯನ ಕಥೆ ಹೇಳುತ್ತ ಕೂತಿರುತ್ತಾರೆ. ಸ್ವಲ್ಪ ಹೊತ್ತು ನಿಂತು ಕೇಳಿ. ಅದೆಲ್ಲ ನಿಜ.